ರಿಪೇರಿ ಮಾಡಲು ಹಾಕಿದ ಸಾಫ್ಟ್‌ವೇರ್‌ನಿಂದಲೇ ಕಂಪ್ಯೂಟರ್ ಕೆಟ್ಟರೆ ಏನು ಮಾಡಬೇಕು? ಇಲ್ಲಿದೆ ಪೂರ್ಣ ಮಾಹಿತಿ

ಕಂಪ್ಯೂಟರ್ ನಿಧಾನವಾಗಿದೆ ಎಂದು ಇಂಟರ್ನೆಟ್‌ನಲ್ಲಿ ಹುಡುಕಿದರೆ ಮೊದಲು ಎದುರಾಗುವುದು ‘ಒಂದೇ ಕ್ಲಿಕ್‌ನಲ್ಲಿ ರಿಪೇರಿ’ ಎನ್ನುವ ಜಾಹೀರಾತು. ಡೌನ್‌ಲೋಡ್ ಮಾಡಿ ಸ್ಕ್ಯಾನ್ ಕೊಟ್ಟರೆ ನೂರಾರು ‘ದೋಷ’ಗಳು ಕೆಂಪು ಬಣ್ಣದಲ್ಲಿ ಸಾಲುಗಟ್ಟುತ್ತವೆ. ‘ಫಿಕ್ಸ್ ಆಲ್’ ಒತ್ತಿ ಕಂಪ್ಯೂಟರ್ ಮರುಚಾಲನೆ ಮಾಡಿದ ಮೇಲೆ ನಿಜವಾದ ತೊಂದರೆ ಶುರುವಾಗುತ್ತದೆ. ಸ್ಪೀಕರ್‌ನಿಂದ ಶಬ್ದ ಬರುವುದಿಲ್ಲ, ವೈಫೈ ಸಿಗುವುದಿಲ್ಲ, ನಿನ್ನೆವರೆಗೆ ತೆರೆಯುತ್ತಿದ್ದ ಎಕ್ಸೆಲ್ ಇಂದು ಬಾಯಿ ಬಿಡುವುದಿಲ್ಲ. ಕೆಲವೊಮ್ಮೆ ವಿಂಡೋಸ್ ಆರಂಭವೇ ಆಗುವುದಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಹಳೆಯ ಯಂತ್ರವನ್ನೇ ಇನ್ನೆರಡು ವರ್ಷ ಓಡಿಸೋಣ ಎಂದುಕೊಂಡವರಿಗೆ ಇಂಥ ಸಾಫ್ಟ್‌ವೇರ್‌ಗಳ ಆಕರ್ಷಣೆ ಹೆಚ್ಚು. ಈಗಾಗಲೇ ಎಡವಟ್ಟು ಆಗಿದ್ದರೂ ಗಾಬರಿ ಬೇಡ. ಬಹುತೇಕ ಪ್ರಕರಣಗಳಲ್ಲಿ ಫೈಲ್‌ಗಳು ಸುರಕ್ಷಿತವಾಗಿಯೇ ಇರುತ್ತವೆ, ಕೆಟ್ಟಿರುವುದು ಸೆಟ್ಟಿಂಗ್ ಮಾತ್ರ. ಆದರೆ ಸರಿಪಡಿಸುವ ಕ್ರಮ ತಪ್ಪಿದರೆ ಉಳಿದಿದ್ದೂ ಕೈತಪ್ಪಬಹುದು.

ಇವು ಮಾಡುವುದಾದರೂ ಏನು?

ವಿಂಡೋಸ್‌ನಲ್ಲಿ ರಿಜಿಸ್ಟ್ರಿ ಎಂಬ ದೊಡ್ಡ ದಾಖಲೆ ಪುಸ್ತಕ ಇದೆ. ಯಾವ ಸಾಫ್ಟ್‌ವೇರ್ ಎಲ್ಲಿದೆ, ಯಾವ ಬಗೆಯ ಫೈಲ್ ಯಾವುದರಲ್ಲಿ ತೆರೆಯಬೇಕು, ಯಾವ ಸೇವೆ ಯಾವಾಗ ಚಾಲೂ ಆಗಬೇಕು ಎಂಬುದೆಲ್ಲ ಅದರಲ್ಲಿ ನಮೂದಾಗಿರುತ್ತದೆ. ಇಂಥ ನಮೂದುಗಳು ಲಕ್ಷಗಟ್ಟಲೆ ಇರುತ್ತವೆ. ರಿಜಿಸ್ಟ್ರಿ ಕ್ಲೀನರ್‌ಗಳು ಇವುಗಳಲ್ಲಿ ‘ಅನಾಥ’ ಎಂದು ತೋರುವುದನ್ನು ಅಳಿಸುತ್ತವೆ. ಲಕ್ಷಗಟ್ಟಲೆ ನಮೂದುಗಳಲ್ಲಿ ಐನೂರು ಅಳಿಸಿದರೆ ಕಂಪ್ಯೂಟರ್‌ನ ವೇಗದಲ್ಲಿ ಗಮನಕ್ಕೆ ಬರುವಂಥ ವ್ಯತ್ಯಾಸ ಆಗುವುದಿಲ್ಲ. ಆ ಐನೂರರಲ್ಲಿ ಒಂದೇ ಒಂದು ಬೇಕಾದದ್ದು ಸೇರಿಕೊಂಡರೆ ಮಾತ್ರ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.

ಈ ಕಾರಣಕ್ಕೇ ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ತನ್ನ ಅಧಿಕೃತ ನೀತಿಯಲ್ಲಿ ಹೇಳಿದೆ. ರಿಜಿಸ್ಟ್ರಿಗೆ ಗಂಭೀರ ಹಾನಿಯಾದರೆ ವಿಂಡೋಸನ್ನೇ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಬಹುದು ಎಂಬ ಎಚ್ಚರಿಕೆಯೂ ಅಲ್ಲಿದೆ. ಅತಿರಂಜಿತ ಎಚ್ಚರಿಕೆ ತೋರಿಸಿ ಹಣ ಕಟ್ಟಿಸಿಕೊಳ್ಳುವ ‘ಆಪ್ಟಿಮೈಸರ್’ಗಳನ್ನು 2018ರ ಮಾರ್ಚ್‌ನಿಂದ ವಿಂಡೋಸ್ ಡಿಫೆಂಡರ್ ಅನಗತ್ಯ ಸಾಫ್ಟ್‌ವೇರ್ ಎಂದು ಗುರುತಿಸಲು ಆರಂಭಿಸಿತು.

ಎಲ್ಲ ಸಾಫ್ಟ್‌ವೇರ್‌ಗಳೂ ಮೋಸದವಲ್ಲ. ಆದರೆ ಒಳ್ಳೆಯ ಹೆಸರಿದ್ದವುಗಳಿಂದಲೂ ಅನಾಹುತ ಆಗಿದೆ. ಜಗತ್ತಿನಾದ್ಯಂತ ಜನಪ್ರಿಯವಾಗಿದ್ದ ಸಿಕ್ಲೀನರ್‌ನ 5.33ನೇ ಆವೃತ್ತಿಯೊಳಗೆ 2017ರ ಆಗಸ್ಟ್‌ನಲ್ಲಿ ಹ್ಯಾಕರ್‌ಗಳು ಕುತಂತ್ರಾಂಶ ಸೇರಿಸಿದ್ದರು. ಕಂಪನಿಯ ಅಧಿಕೃತ ಡಿಜಿಟಲ್ ಸಹಿಯೊಂದಿಗೇ ಅದು ಬಳಕೆದಾರರಿಗೆ ತಲುಪಿತ್ತು. ಸುಮಾರು 22.7 ಲಕ್ಷ ಕಂಪ್ಯೂಟರ್‌ಗಳಲ್ಲಿ ಈ ಆವೃತ್ತಿ ಇದ್ದದ್ದು ನಂತರ ತಿಳಿಯಿತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. 2020ರಲ್ಲಿ ಅದೇ ಸಾಫ್ಟ್‌ವೇರ್ ಫೈರ್‌ಫಾಕ್ಸ್ ಬ್ರೌಸರ್‌ನ ಎಕ್ಸ್‌ಟೆನ್ಷನ್ ಸೆಟ್ಟಿಂಗ್‌ಗಳನ್ನು ಕಸ ಎಂದು ತಿಳಿದು ಅಳಿಸಿ ಹಾಕಿದ ಪ್ರಸಂಗವೂ ನಡೆಯಿತು. ಮೈಕ್ರೋಸಾಫ್ಟ್ ಕೂಡ ಇದಕ್ಕೆ ಹೊರತಲ್ಲ. 2018ರ ವಿಂಡೋಸ್ 10 ಅಪ್‌ಡೇಟ್‌ನಲ್ಲಿ ‘ಡಿಸ್ಕ್ ಕ್ಲೀನಪ್’ ಪಟ್ಟಿಗೆ ಡೌನ್‌ಲೋಡ್ಸ್ ಫೋಲ್ಡರ್ ಸೇರಿಸಲಾಗಿತ್ತು. ಅಭ್ಯಾಸಬಲದಿಂದ ಎಲ್ಲದಕ್ಕೂ ಟಿಕ್ ಹಾಕಿದವರು ಆ ಫೋಲ್ಡರ್‌ನಲ್ಲಿದ್ದದ್ದನ್ನೆಲ್ಲ ಕಳೆದುಕೊಂಡರು.

ಮೊದಲ ಕೆಲಸ: ಕೈ ಕಟ್ಟಿ ಕುಳಿತುಕೊಳ್ಳಿ

ಸಮಸ್ಯೆ ಕಂಡ ತಕ್ಷಣ ಹೆಚ್ಚಿನವರು ಮಾಡುವುದು ಎರಡು ಕೆಲಸ. ಒಂದು, ಅದೇ ಸಾಫ್ಟ್‌ವೇರ್‌ನ ಹಣ ಕೊಡುವ ಆವೃತ್ತಿ ಕೊಳ್ಳುವುದು. ಇನ್ನೊಂದು, ಅದನ್ನು ಕಿತ್ತು ಹಾಕಿ ಬೇರೊಂದು ಕ್ಲೀನರ್ ತರುವುದು. ಎರಡೂ ತಪ್ಪು.

ಆ ಸಾಫ್ಟ್‌ವೇರನ್ನು ಮೊದಲೇ ಅನ್‌ಇನ್‌ಸ್ಟಾಲ್ ಮಾಡಬೇಡಿ. ಅದು ಮಾಡಿದ ಬದಲಾವಣೆಯನ್ನು ಹಿಂದಕ್ಕೆ ತರುವ ಕೀಲಿ ಅದರೊಳಗೇ ಇರಬಹುದು. ಹಲವು ಕ್ಲೀನರ್‌ಗಳಲ್ಲಿ ‘ಅಂಡೂ’, ‘ರಿಸ್ಟೋರ್’ ಅಥವಾ ‘ರೆಸ್ಕ್ಯೂ ಸೆಂಟರ್’ ಎಂಬ ಆಯ್ಕೆ ಇರುತ್ತದೆ. ಸಿಕ್ಲೀನರ್‌ನಂಥವು ರಿಜಿಸ್ಟ್ರಿ ಅಳಿಸುವ ಮುನ್ನ ‘ಬ್ಯಾಕಪ್ ಬೇಕೇ’ ಎಂದು ಕೇಳುತ್ತವೆ. ಆಗ ‘ಯೆಸ್’ ಒತ್ತಿದ್ದರೆ ಒಂದು ರಿಜಿಸ್ಟ್ರಿ ಫೈಲ್ ಉಳಿದಿರುತ್ತದೆ, ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ. ಅದರ ಹೆಸರಿನ ಕೊನೆಯಲ್ಲಿ ಆರ್, ಇ, ಜಿ ಎಂಬ ಮೂರು ಅಕ್ಷರ ಇರುತ್ತವೆ. ತೊಂದರೆ ಶುರುವಾದ ದಿನಾಂಕದ ಫೈಲ್ ಹುಡುಕಿ ಎರಡು ಬಾರಿ ಕ್ಲಿಕ್ ಮಾಡಿ ಅನುಮತಿ ಕೊಟ್ಟರೆ, ಅಳಿಸಿದ ನಮೂದುಗಳು ಮತ್ತೆ ಸೇರಿಕೊಳ್ಳುತ್ತವೆ. ಕಂಪ್ಯೂಟರ್ ಮರುಚಾಲನೆ ಮಾಡಿ ನೋಡಿ. ಎಷ್ಟೋ ತೊಂದರೆಗಳು ಇಲ್ಲಿಗೇ ಮುಗಿಯುತ್ತವೆ.

ಕಂಪ್ಯೂಟರ್ ಇನ್ನೂ ಆನ್ ಆಗುತ್ತಿದ್ದರೆ ಮುಂದಿನ ಹೆಜ್ಜೆಗೆ ಮೊದಲು ಫೋಟೊ, ಲೆಕ್ಕಪತ್ರ, ಪ್ರಬಂಧ ಮುಂತಾದ ಮುಖ್ಯ ಫೈಲ್‌ಗಳನ್ನು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ.

ಕ್ಲೀನರ್ ನಿಮ್ಮ ಫೈಲ್‌ಗಳನ್ನೇ ಅಳಿಸಿದ್ದರೆ ಮಾತ್ರ ಕ್ರಮ ಬೇರೆ. ಆಗ ಆ ಡ್ರೈವ್‌ಗೆ ಹೊಸದಾಗಿ ಏನನ್ನೂ ಬರೆಯಬೇಡಿ, ಡೌನ್‌ಲೋಡ್ ಕೂಡ ಬೇಡ. ಮೊದಲು ರೀಸೈಕಲ್ ಬಿನ್ ನೋಡಿ. ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್‌ಗೆ ಜೋಡಿಸಿದ್ದ ಫೋಲ್ಡರ್ ಆಗಿದ್ದರೆ ಅವುಗಳ ಕಸದ ಬುಟ್ಟಿಯಲ್ಲಿ ವೈಯಕ್ತಿಕ ಖಾತೆಗಳಿಗೆ 30 ದಿನಗಳವರೆಗೆ ಫೈಲ್ ಸಿಗುತ್ತದೆ. ಅಲ್ಲಿಯೂ ಇಲ್ಲವಾದರೆ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಉಚಿತವಾಗಿ ಸಿಗುವ ‘ವಿಂಡೋಸ್ ಫೈಲ್ ರಿಕವರಿ’ ಬಳಸಬಹುದು. ಹಳೆಯ ಹಾರ್ಡ್‌ಡಿಸ್ಕ್‌ಗಳಲ್ಲಿ ಇದಕ್ಕೆ ಅವಕಾಶ ಹೆಚ್ಚು. ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಅಳಿಸಿದ ಜಾಗವನ್ನು ಡ್ರೈವ್ ತಾನೇ ಬೇಗ ಖಾಲಿ ಮಾಡಿಬಿಡುವುದರಿಂದ ನಿರೀಕ್ಷೆ ಕಡಿಮೆ ಇರಲಿ.

ಕಂಪ್ಯೂಟರನ್ನು ಹಿಂದಿನ ದಿನಕ್ಕೆ ಒಯ್ಯುವ ದಾರಿ

ಬ್ಯಾಕಪ್ ಫೈಲ್ ಸಿಗದಿದ್ದರೆ ಅತ್ಯಂತ ಉಪಯುಕ್ತವಾದದ್ದು ‘ಸಿಸ್ಟಮ್ ರಿಸ್ಟೋರ್’. ಸ್ಟಾರ್ಟ್ ಮೆನುವಿನ ಹುಡುಕಾಟದಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಟೈಪ್ ಮಾಡಿದರೆ ಬರುವ ಕಿಟಕಿಯಲ್ಲಿ ಸಿಸ್ಟಮ್ ರಿಸ್ಟೋರ್ ಗುಂಡಿ ಇದೆ. ತೊಂದರೆಗೆ ಮುಂಚಿನ ದಿನಾಂಕ ಆರಿಸಿಕೊಂಡರೆ ರಿಜಿಸ್ಟ್ರಿ, ಡ್ರೈವರ್ ಮತ್ತು ಸಿಸ್ಟಮ್ ಫೈಲ್‌ಗಳು ಆ ದಿನದ ಸ್ಥಿತಿಗೆ ಮರಳುತ್ತವೆ. ನಿಮ್ಮ ಫೋಟೊ, ದಾಖಲೆಗಳನ್ನು ಇದು ಮುಟ್ಟುವುದಿಲ್ಲ.

ಆ ದಿನಾಂಕದ ನಂತರ ಹಾಕಿದ ಸಾಫ್ಟ್‌ವೇರ್‌ಗಳು ಮಾತ್ರ ಹೋಗುತ್ತವೆ. ಯಾವುವು ಹೋಗುತ್ತವೆ ಎಂದು ಮೊದಲೇ ತಿಳಿಯಲು ‘ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್’ ಎಂಬ ಆಯ್ಕೆ ಅಲ್ಲೇ ಇದೆ. ಅದನ್ನೊಮ್ಮೆ ಒತ್ತಿ ಪಟ್ಟಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಬೇಸರದ ಸಂಗತಿಯೆಂದರೆ ಹಲವು ಕಂಪ್ಯೂಟರ್‌ಗಳಲ್ಲಿ ಈ ಸೌಲಭ್ಯ ಆಫ್ ಆಗಿಯೇ ಇರುತ್ತದೆ. ಜಾಗ ಉಳಿಸುವ ನೆಪದಲ್ಲಿ ಹಳೆಯ ರಿಸ್ಟೋರ್ ಪಾಯಿಂಟ್‌ಗಳನ್ನು ಅಳಿಸುವ ಆಯ್ಕೆ ಕೆಲವು ಕ್ಲೀನರ್‌ಗಳಲ್ಲೇ ಇದೆ. ಹಿಂದೆ ವಿಂಡೋಸ್ ತಾನಾಗಿಯೇ ರಿಜಿಸ್ಟ್ರಿಯ ಇನ್ನೊಂದು ಪ್ರತಿಯನ್ನು ‘ರೆಗ್‌ಬ್ಯಾಕ್’ ಫೋಲ್ಡರ್‌ನಲ್ಲಿ ಇಡುತ್ತಿತ್ತು. ವಿಂಡೋಸ್ 10ರ 1803 ಆವೃತ್ತಿಯಿಂದ ಅದೂ ನಿಂತಿದೆ. ಆ ಫೋಲ್ಡರ್‌ನಿಂದ ನಕಲು ಮಾಡಿ ಎಂಬ ಹಳೆಯ ಸಲಹೆಯನ್ನು ಈಗ ಪಾಲಿಸಬೇಡಿ. ಅಲ್ಲಿರುವ ಫೈಲ್‌ಗಳ ಗಾತ್ರ ಸೊನ್ನೆಯಾಗಿರುತ್ತದೆ. ಖಾಲಿ ಫೈಲನ್ನು ಅಸಲಿ ರಿಜಿಸ್ಟ್ರಿಯ ಮೇಲೆ ಹಾಕಿದರೆ ಕಂಪ್ಯೂಟರ್ ಪೂರ್ತಿ ಮಲಗುತ್ತದೆ.

ವಿಂಡೋಸ್ ಆರಂಭವೇ ಆಗದಿದ್ದರೆ

ಕಂಪ್ಯೂಟರ್ ಆನ್ ಮಾಡಿ, ವಿಂಡೋಸ್ ಚಿಹ್ನೆ ಬಂದೊಡನೆ ಪವರ್ ಗುಂಡಿ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಬಾರಿ ಮಾಡಿದರೆ ಅದು ರಿಪೇರಿ ಪರದೆಗೆ ಹೋಗುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ನಂತರ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಆರಿಸಿದರೆ ಸಿಸ್ಟಮ್ ರಿಸ್ಟೋರ್ ಮತ್ತು ಸ್ಟಾರ್ಟಪ್ ರಿಪೇರಿ ಎರಡೂ ಸಿಗುತ್ತವೆ. ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ಮೂಲಕ ಹೋಗಿ 4 ಒತ್ತಿದರೆ ಸೇಫ್ ಮೋಡ್. ಇಂಟರ್ನೆಟ್ ಕೂಡ ಬೇಕಿದ್ದರೆ 5. ಸೇಫ್ ಮೋಡ್‌ನಲ್ಲಿ ಸರಿಯಾಗಿ ತೆರೆದುಕೊಂಡರೆ ಹೊಸ ಡ್ರೈವರ್ ಅಥವಾ ಆ ಕ್ಲೀನರ್‌ನ ಸೇವೆಯೇ ಅಡ್ಡಿ ಎಂದು ಬಹುಮಟ್ಟಿಗೆ ಹೇಳಬಹುದು.

ಇಲ್ಲಿ ಹಲವರು ಸಿಕ್ಕಿಹಾಕಿಕೊಳ್ಳುವ ಜಾಗ ಒಂದಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಬಿಟ್‌ಲಾಕರ್‌ನಿಂದ ಬೀಗ ಹಾಕಿಕೊಂಡಿರುತ್ತದೆ. ರಿಪೇರಿ ಪರದೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಲ್ಯಾಪ್‌ಟಾಪ್‌ಗೆ ಲಾಗಿನ್ ಆಗಲು ಬಳಸಿದ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲ್‌ನಿಂದ ಹೋಗಿ ‘ಡಿವೈಸಸ್’ ವಿಭಾಗದಲ್ಲಿ ನೋಡಿದರೆ ಸಾಮಾನ್ಯವಾಗಿ ಅದು ಸಿಗುತ್ತದೆ. ಕೀ ಇಲ್ಲದೆ ಡೇಟಾ ತೆಗೆದುಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಹಣ ಕೊಡಬೇಡಿ. ಆಫೀಸ್‌ನ ಲ್ಯಾಪ್‌ಟಾಪ್ ಆಗಿದ್ದರೆ ಕೀ ಕಂಪನಿಯ ಐಟಿ ವಿಭಾಗದಲ್ಲಿರುತ್ತದೆ. ಮನೆಯಲ್ಲಿ ಪ್ರಯೋಗ ಮಾಡುವ ಬದಲು ಅವರಿಗೇ ಒಪ್ಪಿಸಿ.

ಶಬ್ದ ಇಲ್ಲ, ವೈಫೈ ಇಲ್ಲ

‘ಡ್ರೈವರ್ ಅಪ್‌ಡೇಟರ್’ಗಳ ಕೈಚಳಕ ಇದು. ನಿಮ್ಮ ಮಾಡೆಲ್‌ಗೆ ಹೊಂದದ ಡ್ರೈವರ್ ಕೂರಿಸಿದಾಗ ಶಬ್ದ, ಟಚ್‌ಪ್ಯಾಡ್, ವೈಫೈ, ಬ್ಲೂಟೂತ್ ಕೈಕೊಡುತ್ತವೆ. ಸ್ಟಾರ್ಟ್ ಗುಂಡಿಯ ಮೇಲೆ ಬಲಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ತೊಂದರೆ ಇರುವ ಸಾಧನದ ‘ಪ್ರಾಪರ್ಟೀಸ್’ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಇದ್ದರೆ ಒತ್ತಿ. ಅದು ಮಸುಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ. ಆಗ ‘ಅನ್‌ಇನ್‌ಸ್ಟಾಲ್ ಡಿವೈಸ್’ ಕೊಟ್ಟು ಕಂಪ್ಯೂಟರ್ ಮರುಚಾಲನೆ ಮಾಡಿ, ವಿಂಡೋಸ್ ತಾನೇ ಹೊಂದುವ ಡ್ರೈವರ್ ಹುಡುಕಿಕೊಳ್ಳಲಿ. ಆಗಲೂ ಸರಿಹೋಗದಿದ್ದರೆ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ವೆಬ್‌ಸೈಟ್‌ನಲ್ಲಿ ಮಾಡೆಲ್ ಸಂಖ್ಯೆ ಕೊಟ್ಟು ಡ್ರೈವರ್ ಇಳಿಸಿಕೊಳ್ಳಬೇಕು. ವೈಫೈಯೇ ಇಲ್ಲದಾಗ ಇಳಿಸುವುದು ಹೇಗೆ? ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿದರೆ ಇಂಟರ್ನೆಟ್ ಸಿಗುತ್ತದೆ.

ವೈಫೈ ಸೇರಿಕೊಂಡಿದೆ, ಆದರೆ ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ ಎಂದಾದರೆ ಡ್ರೈವರ್‌ನ ತಪ್ಪಲ್ಲ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ‘ಪ್ರಾಕ್ಸಿ’ ನೋಡಿ. ನೀವು ಹಾಕದ ವಿಳಾಸ ಅಲ್ಲಿದ್ದರೆ ಆಫ್ ಮಾಡಿ. ಅದೇ ವಿಭಾಗದ ‘ನೆಟ್‌ವರ್ಕ್ ರಿಸೆಟ್’ ಕೊನೆಯ ಉಪಾಯ. ಅದನ್ನು ಒತ್ತಿದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳನ್ನು ಮತ್ತೆ ಕೊಡಬೇಕಾಗುತ್ತದೆ.

ಸಾಫ್ಟ್‌ವೇರ್‌ಗಳು ತೆರೆಯದಿದ್ದರೆ

‘ಡಿಎಲ್‌ಎಲ್ ಮಿಸ್ಸಿಂಗ್’ ಎಂಬ ಸಂದೇಶ ಬಂದಾಗ ಆ ಹೆಸರಿನ ಫೈಲನ್ನು ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುವುದು ಅಪಾಯ. ಆ ಸಾಫ್ಟ್‌ವೇರನ್ನೇ ಮತ್ತೆ ಇನ್‌ಸ್ಟಾಲ್ ಮಾಡಿ. ಹಲವು ಸಾಫ್ಟ್‌ವೇರ್‌ಗಳು ಒಟ್ಟಿಗೇ ನಿಂತಿದ್ದರೆ ಮೈಕ್ರೋಸಾಫ್ಟ್‌ನ ‘ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್’ ಮತ್ತೆ ಹಾಕಿ ನೋಡಬಹುದು. ವರ್ಡ್, ಎಕ್ಸೆಲ್ ಆದರೆ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಂ ಪಟ್ಟಿಯಲ್ಲಿ ಆಫೀಸ್ ಆರಿಸಿ ‘ಚೇಂಜ್’ ಒತ್ತಿದಾಗ ಬರುವ ‘ಕ್ವಿಕ್ ರಿಪೇರಿ’ ಸಾಕಾಗುತ್ತದೆ.

ವಿಂಡೋಸ್‌ನ ಸ್ವಂತ ಫೈಲ್‌ಗಳು ಹಾಳಾಗಿವೆ ಎಂಬ ಅನುಮಾನ ಇದ್ದರೆ ಅದರೊಳಗೇ ಎರಡು ಉಚಿತ ಸಾಧನಗಳಿವೆ. ‘ಕಮಾಂಡ್ ಪ್ರಾಂಪ್ಟ್’ ಅನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆಗಿ ತೆರೆದು ಮೊದಲು ‘ಡಿಸ್ಮ್’ ಕಮಾಂಡ್ ಕೊಡಬೇಕು. ಅದರ ನಂತರ ಆನ್‌ಲೈನ್, ಕ್ಲೀನಪ್-ಇಮೇಜ್, ರಿಸ್ಟೋರ್‌ಹೆಲ್ತ್ ಎಂಬ ಮೂರು ಪದಗಳನ್ನು ಇಂಗ್ಲಿಷ್‌ನಲ್ಲಿ ಕ್ರಮವಾಗಿ ಟೈಪ್ ಮಾಡಿ. ಪ್ರತಿ ಪದದ ಹಿಂದೆ ಒಂದು ಖಾಲಿ ಜಾಗ ಮತ್ತು ಮುಂದಕ್ಕೆ ಬಾಗಿದ ಓರೆಗೆರೆ ಇರಲಿ. ಕೊನೆಯ ಪದ ‘ರಿಸ್ಟೋರ್‌ಹೆಲ್ತ್’ ಬಿಡಿಸದೆ ಒಂದೇ ಪದವಾಗಿರಬೇಕು. ಇದು ಶೇಕಡಾ 62ರ ಆಸುಪಾಸಿನಲ್ಲಿ ಬಹಳ ಹೊತ್ತು ನಿಂತಂತೆ ಕಾಣುವುದುಂಟು. ಕೆಟ್ಟಿತೆಂದು ಮುಚ್ಚಬೇಡಿ, ಕಾಯಿರಿ. ಅದು ಮುಗಿದ ಮೇಲೆ ಎಸ್, ಎಫ್, ಸಿ ಎಂದು ಬರೆದು, ಖಾಲಿ ಜಾಗ ಬಿಟ್ಟು, ಓರೆಗೆರೆಯ ಜೊತೆ ‘ಸ್ಕ್ಯಾನ್‌ನೌ’ ಎಂದು ಒಂದೇ ಪದವಾಗಿ ಟೈಪ್ ಮಾಡಿ.

ಇವೆರಡನ್ನು ಎಲ್ಲ ರೋಗಕ್ಕೂ ಮದ್ದು ಎಂಬಂತೆ ಹೇಳಲಾಗುತ್ತದೆ. ಹಾಗೇನಿಲ್ಲ. ಇವು ವಿಂಡೋಸ್‌ನ ಫೈಲ್‌ಗಳನ್ನು ಸರಿಪಡಿಸುತ್ತವೆ, ಕ್ಲೀನರ್ ಅಳಿಸಿದ ಬೇರೆ ಸಾಫ್ಟ್‌ವೇರ್‌ಗಳ ರಿಜಿಸ್ಟ್ರಿ ನಮೂದುಗಳನ್ನು ವಾಪಸ್ ತರುವುದಿಲ್ಲ.

ಏನು ಮಾಡಿದರೂ ಆಗದಿದ್ದರೆ ವಿಂಡೋಸ್ ಮರುಸ್ಥಾಪನೆ. ಇದರಲ್ಲಿ ಎರಡು ಬಗೆ ಇವೆ, ಹೆಸರು ಗೊಂದಲ ಮಾಡಿಕೊಳ್ಳಬೇಡಿ. ‘ರಿಸೆಟ್ ದಿಸ್ ಪಿಸಿ’ಯಲ್ಲಿ ‘ಕೀಪ್ ಮೈ ಫೈಲ್ಸ್’ ಆರಿಸಿದರೂ ನೀವು ಹಾಕಿದ ಸಾಫ್ಟ್‌ವೇರ್‌ಗಳೆಲ್ಲ ಹೋಗುತ್ತವೆ. ವಿಂಡೋಸ್ 11ರ ರಿಕವರಿ ಪುಟದಲ್ಲಿರುವ ‘ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್’ ಆಯ್ಕೆಯಲ್ಲಿ ಸಾಫ್ಟ್‌ವೇರ್, ಫೈಲ್, ಸೆಟ್ಟಿಂಗ್ ಮೂರೂ ಉಳಿಯುತ್ತವೆ. ಮೊದಲು ಇದನ್ನೇ ಪ್ರಯತ್ನಿಸಿ.

ಕನ್ನಡ ಅಕ್ಷರ ಮಾಯವಾದರೆ

ಕ್ಲೀನರ್‌ಗಳ ರಿಜಿಸ್ಟ್ರಿ ಪಟ್ಟಿಯಲ್ಲಿ ‘ಫಾಂಟ್ಸ್’ ಎಂಬ ವಿಭಾಗವೂ ಇರುತ್ತದೆ. ನುಡಿ, ಬರಹದಲ್ಲಿ ಹಿಂದೆ ಟೈಪ್ ಮಾಡಿದ, ಯೂನಿಕೋಡ್ ಅಲ್ಲದ ಕಡತಗಳು ಆಯಾ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿರುವುದಿಲ್ಲ. ಆ ತಂತ್ರಾಂಶ ಅಥವಾ ಫಾಂಟ್ ಮತ್ತೆ ಹಾಕಿದರೆ ಬರಹ ಮೊದಲಿನಂತೆ ಕಾಣುತ್ತದೆ. ಮುಂಬೈ, ಪುಣೆ, ದೆಹಲಿಯಲ್ಲಿ ಕಂಪ್ಯೂಟರ್ ರಿಪೇರಿಗೆ ಕೊಡುವ ಕನ್ನಡಿಗರು ಇದನ್ನು ಅಂಗಡಿಯವರಿಗೆ ಮೊದಲೇ ಹೇಳುವುದು ಕ್ಷೇಮ. ಕನ್ನಡ ಗೊತ್ತಿಲ್ಲದವರಿಗೆ ಅಂಥ ಕಡತ ಹಾಳಾದ ಫೈಲ್‌ನಂತೆ ಕಂಡು, ಅಳಿಸಿಬಿಟ್ಟಾರು. ಸಂಘದ ಹಳೆಯ ಸ್ಮರಣ ಸಂಚಿಕೆಯೋ ಅಜ್ಜ ಬರೆದಿಟ್ಟ ನೆನಪುಗಳೋ ಹಾಗೆ ಹೋದರೆ ಯಾವ ರಿಸ್ಟೋರ್ ಪಾಯಿಂಟ್‌ನಲ್ಲೂ ಸಿಗುವುದಿಲ್ಲ. ವಿಂಡೋಸ್‌ನದೇ ಕನ್ನಡ ಫಾಂಟ್‌ಗಳು ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಫಾಂಟ್ಸ್ ವಿಭಾಗದಲ್ಲಿ ‘ರಿಸ್ಟೋರ್ ಡಿಫಾಲ್ಟ್ ಫಾಂಟ್ ಸೆಟ್ಟಿಂಗ್ಸ್’ ಒತ್ತಿ ನೋಡಿ.

ಈಗ ಅದನ್ನು ಕಿತ್ತು ಹಾಕಿ

ಕಂಪ್ಯೂಟರ್ ಸರಿಹೋದ ಮೇಲೆ ಆ ಸಾಫ್ಟ್‌ವೇರನ್ನು ಸೆಟ್ಟಿಂಗ್ಸ್‌ನ ‘ಆ್ಯಪ್ಸ್’ ಪಟ್ಟಿಯಿಂದ ತೆಗೆಯಿರಿ. ಅದರ ಜೊತೆ ಅದೇ ದಿನ ಇನ್‌ಸ್ಟಾಲ್ ಆದ ಬೇರೆ ಅಪರಿಚಿತ ಹೆಸರುಗಳಿದ್ದರೆ ಅವನ್ನೂ ತೆಗೆಯಿರಿ. ಟಾಸ್ಕ್ ಮ್ಯಾನೇಜರ್‌ನ ‘ಸ್ಟಾರ್ಟಪ್’ ವಿಭಾಗ, ‘ಟಾಸ್ಕ್ ಶೆಡ್ಯೂಲರ್’ ಮತ್ತು ಬ್ರೌಸರ್‌ನ ಎಕ್ಸ್‌ಟೆನ್ಷನ್ ಪಟ್ಟಿ ಮೂರನ್ನೂ ನೋಡಬೇಕು. ‘ನಿಮ್ಮ ಪಿಸಿಯಲ್ಲಿ 5 ವೈರಸ್’ ಎಂದು ಪರದೆಯ ಮೂಲೆಯಲ್ಲಿ ಬರುತ್ತಲೇ ಇದ್ದರೆ ಬಹುತೇಕ ಅದು ಯಾವುದೋ ವೆಬ್‌ಸೈಟ್‌ಗೆ ಕೊಟ್ಟ ನೋಟಿಫಿಕೇಷನ್ ಅನುಮತಿ. ಬ್ರೌಸರ್‌ನ ಸೆಟ್ಟಿಂಗ್‌ನಲ್ಲಿ ಅದನ್ನು ರದ್ದು ಮಾಡಿದರೆ ವೈರಸ್ ಸಂದೇಶಗಳೂ ನಿಲ್ಲುತ್ತವೆ. ಕೊನೆಗೆ ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಒಮ್ಮೆ ಕೊಡಿ. ಕೇಂದ್ರ ಸರ್ಕಾರದ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ವೆಬ್‌ಸೈಟ್‌ನಲ್ಲೂ ಉಚಿತ ಸಾಧನಗಳು ಲಭ್ಯ.

ಜಾಗ ತುಂಬಿದೆ ಎಂಬ ಒಂದೇ ಕಾರಣಕ್ಕೆ ಕ್ಲೀನರ್ ಹಾಕಿದ್ದರೆ ಅದರ ಅಗತ್ಯವೇ ಇಲ್ಲ. ವಿಂಡೋಸ್‌ನ ‘ಸ್ಟೋರೇಜ್ ಸೆನ್ಸ್’ ಆ ಕೆಲಸ ಮಾಡುತ್ತದೆ. ಅದರಲ್ಲಿ ಡೌನ್‌ಲೋಡ್ಸ್ ಫೋಲ್ಡರ್‌ನ ಆಯ್ಕೆ ‘ನೆವರ್’ ಎಂದಿರಲಿ.

ಹಣ ಕೊಟ್ಟಾಗಿದೆಯೇ?

ಅಮೆರಿಕದಲ್ಲಿ ಇಂಥ ದಂಧೆಯ ಮೇಲೆ ದೊಡ್ಡ ಕ್ರಮಗಳಾಗಿವೆ. ಆಫೀಸ್ ಡಿಪೋ ಮಳಿಗೆಗಳಲ್ಲಿ ಬಳಸುತ್ತಿದ್ದ ‘ಪಿಸಿ ಹೆಲ್ತ್ ಚೆಕ್’ ಕಾರ್ಯಕ್ರಮ ಗ್ರಾಹಕರಿಗೆ ನಾಲ್ಕು ಪ್ರಶ್ನೆ ಕೇಳುತ್ತಿತ್ತು. ಒಂದಕ್ಕೆ ‘ಹೌದು’ ಎಂದರೂ ಸಾಕು, ಸ್ಕ್ಯಾನ್‌ನಲ್ಲಿ ಏನೇ ಇರಲಿ, ಕುತಂತ್ರಾಂಶದ ಲಕ್ಷಣ ಇದೆ ಎಂದು ಫಲಿತಾಂಶ ಬರುತ್ತಿತ್ತು ಎಂಬುದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ನ ಆರೋಪ. ಆ ಕಂಪನಿ ಮತ್ತು ಸಪೋರ್ಟ್ ಡಾಟ್ ಕಾಮ್ ಸೇರಿ 2019ರಲ್ಲಿ 3.5 ಕೋಟಿ ಡಾಲರ್ ಕೊಟ್ಟು ಪ್ರಕರಣ ಇತ್ಯರ್ಥ ಮಾಡಿಕೊಂಡವು. 2024ರಲ್ಲಿ ರೆಸ್ಟೋರೊ ಮತ್ತು ರಿಇಮೇಜ್ ಕಂಪನಿಗಳು ಇದೇ ಬಗೆಯ ಆರೋಪದಲ್ಲಿ 2.6 ಕೋಟಿ ಡಾಲರ್ ಕೊಡಲು ಒಪ್ಪಿದವು. ಭಾರತದಲ್ಲಿಯೂ 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ 76 ಕಡೆ ಶೋಧ ನಡೆಸಿತು. ಟೆಕ್ ಸಪೋರ್ಟ್ ಹೆಸರಿನಲ್ಲಿ ವಂಚಿಸುತ್ತಿದ್ದ ಕಾಲ್ ಸೆಂಟರ್‌ಗಳ ಪ್ರಕರಣಗಳೂ ಅದರಲ್ಲಿದ್ದವು.

ಸಾಫ್ಟ್‌ವೇರ್ ತೋರಿಸಿದ ಸಂಖ್ಯೆಗೆ ಕರೆ ಮಾಡಿ, ಯಾರಿಗೋ ರಿಮೋಟ್ ಸಂಪರ್ಕ ಕೊಟ್ಟಿದ್ದರೆ ಇಂಟರ್ನೆಟ್ ತಕ್ಷಣ ಕಡಿತ ಮಾಡಿ ಆ ರಿಮೋಟ್ ಆ್ಯಪ್ ತೆಗೆಯಿರಿ. ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ. ಖಾತೆಯಿಂದ ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಬೇಕು, ಬ್ಯಾಂಕ್‌ಗೂ ದೂರು ಕೊಡಬೇಕು. ಗ್ರಾಹಕರ ತಪ್ಪಿಲ್ಲದೆ, ಮೂರನೆಯವರ ಕಾರಣದಿಂದ ನಡೆದ ಅನಧಿಕೃತ ವಹಿವಾಟನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆ ಇಲ್ಲ ಎಂದು ರಿಸರ್ವ್ ಬ್ಯಾಂಕ್‌ನ 2017ರ ಸುತ್ತೋಲೆ ಹೇಳುತ್ತದೆ. ಒಟಿಪಿಯನ್ನು ನೀವೇ ಹೇಳಿದ್ದರೆ ಬ್ಯಾಂಕ್‌ಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ಹಾಗಾಗಿ ಪ್ರತಿ ಗಂಟೆಯೂ ಮುಖ್ಯ.

ಬರಿ ಸಾಫ್ಟ್‌ವೇರ್ ಕೊಂಡಿದ್ದರೆ ವಾರ್ಷಿಕ ನವೀಕರಣದ ಕಡೆ ಗಮನ ಇರಲಿ. ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಚಂದಾ ರದ್ದಾಗುವುದಿಲ್ಲ. ಭಾರತದ ಕಾರ್ಡ್‌ಗಳಲ್ಲಿ ಆಟೋ ಡೆಬಿಟ್‌ಗೆ ಇ-ಮ್ಯಾಂಡೇಟ್ ನೋಂದಣಿ ಕಡ್ಡಾಯ, ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು. ಬ್ಯಾಂಕ್‌ನ ಆ್ಯಪ್‌ನಲ್ಲಿ ಮ್ಯಾಂಡೇಟ್ ಪಟ್ಟಿ ತೆರೆದು ಆ ಕಂಪನಿಯ ಹೆಸರಿದ್ದರೆ ರದ್ದು ಮಾಡಿ. ವಿದೇಶಿ ಕಂಪನಿಯಾಗಿದ್ದರೆ ಕಾರ್ಡ್‌ನ ಅಂತರರಾಷ್ಟ್ರೀಯ ವಹಿವಾಟನ್ನೂ ಅದೇ ಆ್ಯಪ್‌ನಲ್ಲಿ ಆಫ್ ಮಾಡಿಡಬಹುದು.